ಆರು ವಾರದ ಕಟ್ಟು

ದಸರೆಯ ಕುಸ್ತಿ ನೋಡಿದವರಿಗೆ ಗೊತ್ತು: ಜಟ್ಟಿಗಳು ಅಖಾಡದಲ್ಲಿ ಕೈಗೆ ಕೈ ಕೊಟ್ಟು ನಿಲ್ಲುವುದು ಕೆಲವೇ ನಿಮಿಷ, ಅದರ ಹಿಂದೆ ಗರಡಿಯ ಕೆಮ್ಮಣ್ಣಿನಲ್ಲಿ ಕಳೆದ ತಿಂಗಳುಗಳಿರುತ್ತವೆ. ಗೆದ್ದವನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗರಡಿಯ ಕಥೆಯನ್ನು ಬರೆಯುವವರು ವಿರಳ. ವಿದ್ಯಾರ್ಥಿಗಳು ಕಟ್ಟುವ ರೋಬೋಗಳ ಪಂದ್ಯಕ್ಕೂ ಇದೇ ಗತಿ ಬಂದಿದೆ. ಎರಡೂವರೆ ನಿಮಿಷದ ಆಟ, ದೀಪಗಳ ಬೆಡಗು, ಕೂಗಾಟ, ಬಹುಮಾನದ ಬಟ್ಟಲು, ಇವುಗಳ ಚಿತ್ರ ಎಲ್ಲೆಲ್ಲೂ ಕಾಣುತ್ತದೆ. ಆ ಯಂತ್ರವನ್ನು ಕಟ್ಟಲು ಹುಡುಗರಿಗೆ ಎಷ್ಟು ದಿನ ಕೊಟ್ಟಿದ್ದರು, ಯಾವ ಸಾಮಾನು ಕೊಟ್ಟಿದ್ದರು, ಆ ಗಡುವನ್ನು ಯಾರು ಹೇಗೆ ಕಾದರು ಎಂದು ಕೇಳುವವರು ಕಡಿಮೆ. ಈ ಪಂದ್ಯಗಳ ನಿಜವಾದ ಚರಿತ್ರೆ ಅಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ರೋಬೋ ಎಂಬ ಮಾತಿನ ಹುಟ್ಟನ್ನು ಮೊದಲು ಹೇಳಿಬಿಡುತ್ತೇನೆ. ಚೆಕ್ ಲೇಖಕ ಕರೆಲ್ ಚಾಪೆಕ್ ೧೯೨೦ರಲ್ಲಿ ಬರೆದ ನಾಟಕವೊಂದರಿಂದ ಅದು ಲೋಕಕ್ಕೆಲ್ಲ ಹರಡಿತು; ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊತ’ ಎಂದರೆ ಒಡೆಯನ ಹೊಲದಲ್ಲಿ ಕೂಲಿಯಿಲ್ಲದೆ ಮಾಡಬೇಕಾದ ಕಡ್ಡಾಯದ ದುಡಿಮೆ, ಅಂದರೆ ನಮ್ಮ ಹಳ್ಳಿಯವರು ಬಿಟ್ಟಿ ಎನ್ನುತ್ತಿದ್ದರಲ್ಲ, ಅದೇ. ಬಿಟ್ಟಿಯಾಳಿನ ಹೆಸರು ಹೊತ್ತ ಈ ಯಂತ್ರಕ್ಕಾಗಿ ಸಾವಿರಾರು ಹುಡುಗರು ತಾವಾಗಿ ಬಿಟ್ಟಿ ದುಡಿಯುತ್ತಾರೆಂಬುದು ಚಾಪೆಕ್‌ಗೆ ಹೊಳೆದಿರಲಾರದು.

ಪಂದ್ಯದ ಬೇರು ಇರುವುದು ಒಂದು ಪಾಠದ ಕೊಠಡಿಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಯಂತ್ರ ವಿನ್ಯಾಸವನ್ನು ಕಲಿಸುವ ಒಂದು ತರಗತಿಯಿತ್ತು. ಅದರ ಸಂಖ್ಯೆ ೨.೭೦. ಅಲ್ಲಿ ಪಾಠಗಳಿಗೆ ಹೆಸರಿಗಿಂತ ಸಂಖ್ಯೆಯ ರೂಢಿಯೇ ಹೆಚ್ಚು. ೧೯೭೦ರ ದಶಕದಲ್ಲಿ ಆ ತರಗತಿಗೆ ಜೀವ ತುಂಬಿದವರು ವುಡೀ ಫ್ಲವರ್ಸ್ ಎಂಬ ಅಧ್ಯಾಪಕರು. ಲೂಸಿಯಾನ ಸೀಮೆಯ ಸಣ್ಣ ಊರೊಂದರಲ್ಲಿ ೧೯೪೩ರಲ್ಲಿ ಹುಟ್ಟಿದವರು. ತಂದೆ ಬೆಸುಗೆಯ ಕೆಲಸದವರು. ಫ್ಲವರ್ಸ್ ಮಾಡಿದ್ದಿಷ್ಟೆ: ತರಗತಿಯ ಪ್ರತಿ ವಿದ್ಯಾರ್ಥಿಗೂ ಒಂದೇ ಬಗೆಯ ಚಿಲ್ಲರೆ ಸಾಮಾನಿನ ಒಂದೊಂದು ಚೀಲ ಕೊಡುವುದು, ಇದರಲ್ಲಿರುವುದರಿಂದಲೇ ಯಂತ್ರ ಮಾಡು, ಇಂಥ ದಿನ ನಿನ್ನ ಸಹಪಾಠಿಯ ಯಂತ್ರದೊಡನೆ ಸೆಣಸು ಎನ್ನುವುದು. ಚೀಲ ಎಲ್ಲರದೂ ಒಂದೇ, ಗಡುವು ಎಲ್ಲರದೂ ಒಂದೇ. ಉತ್ತರ ಮಾತ್ರ ಒಬ್ಬೊಬ್ಬರದು ಒಂದೊಂದು. ಪುಸ್ತಕದ ಕೊನೆಯ ಪುಟ ತಿರುವಿ ಉತ್ತರ ತಾಳೆ ನೋಡುವ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. ಪಂದ್ಯದ ದಿನ ಸಭಾಂಗಣ ಕಿಕ್ಕಿರಿಯುತ್ತಿತ್ತು. ದೂರದರ್ಶನದವರೂ ಬಂದು ಚಿತ್ರಿಸಿದರು.

ಜಪಾನಿನಲ್ಲಿಯೂ ಹೆಚ್ಚುಕಡಿಮೆ ಇಂಥದೇ ಕಥೆ ನಡೆಯಿತು. ತೋಕಿಯೊ ತಾಂತ್ರಿಕ ವಿದ್ಯಾಸಂಸ್ಥೆಯ ಮಸಾಹಿರೊ ಮೊರಿ ಒಬ್ಬ ವಿಚಿತ್ರ ಪ್ರಾಧ್ಯಾಪಕರು. ಮನುಷ್ಯನನ್ನು ಬಹಳಮಟ್ಟಿಗೆ ಹೋಲಿ, ಪೂರ್ತಿ ಹೋಲದ ಬೊಂಬೆಯನ್ನು ಕಂಡರೆ ನಮಗೇಕೆ ಮೈ ಜುಮ್ಮೆನ್ನುತ್ತದೆಂಬ ವಿಷಯವಾಗಿ ೧೯೭೦ರಲ್ಲಿ ಬರೆದು ಹೆಸರಾದವರು. ಬುದ್ಧನ ತತ್ತ್ವಕ್ಕೂ ರೋಬೋಗಳಿಗೂ ಗಂಟು ಹಾಕಿ ಪುಸ್ತಕ ರಚಿಸಿದವರು. ಅವರು ೧೯೮೧ರಲ್ಲಿ ತಮ್ಮ ಶಿಷ್ಯರಿಗೆ ಕೊಟ್ಟದ್ದು ಎರಡು ಒಣ ಬ್ಯಾಟರಿ; ಟಾರ್ಚಿಗೆ ಹಾಕುವಂಥವು. ಈ ಎರಡರ ಬಲದಿಂದಲೇ ಒಬ್ಬ ಮನುಷ್ಯನನ್ನು ಹೊತ್ತು ಓಡುವ ಗಾಡಿ ಮಾಡಿರೆಂದರು. ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆಂದು ಎಷ್ಟು ಮಂದಿ ಅಂದುಕೊಂಡಿರಬಹುದು! ಗಾಡಿಗಳು ಓಡಿದವು. ೧೯೮೮ರಲ್ಲಿ ಎನ್‌ಎಚ್‌ಕೆ ಪ್ರಸಾರ ಸಂಸ್ಥೆ ಇದನ್ನೇ ಹನ್ನೆರಡು ತಾಂತ್ರಿಕ ಕಾಲೇಜುಗಳ ಪಂದ್ಯವಾಗಿ ನಡೆಸಿತು; ಕಟ್ಟಿದವರು ಹದಿನೈದರಿಂದ ಇಪ್ಪತ್ತರ ಪ್ರಾಯದವರು. ೨೦೦೨ರ ಹೊತ್ತಿಗೆ ಅದು ಏಷ್ಯ-ಪೆಸಿಫಿಕ್ ಪ್ರಸಾರ ಒಕ್ಕೂಟದ ಆಶ್ರಯದಲ್ಲಿ ದೇಶದೇಶಗಳ ‘ರೋಬೋಕಾನ್’ ಆಯಿತು. ಮೊದಲ ವರ್ಷ ತೋಕಿಯೊದಲ್ಲಿ ಗೆದ್ದವರು ಜಪಾನೀಯರಲ್ಲ, ವಿಯೆಟ್ನಾಮಿನ ಹುಡುಗರು.

ಈ ಕವಲಿನ ಒಂದು ಕಟ್ಟಳೆ ನನಗೆ ಬಹಳ ಹಿಡಿಸಿದೆ. ಪಂದ್ಯ ಯಾವ ದೇಶದಲ್ಲಿ ನಡೆಯುವುದೋ ಆ ವರ್ಷದ ಆಟವನ್ನು ಆ ದೇಶವೇ ಹೊಸೆಯಬೇಕು. ಜಪಾನಿನವರು ಫೂಜಿ ಪರ್ವತವನ್ನು ಏರಿಸಿದರು, ಚೀನದವರು ಮಹಾಗೋಡೆಯನ್ನು ಹತ್ತಿಸಿದರು. ೨೦೦೮ರಲ್ಲಿ ಸರದಿ ನಮ್ಮದಾಗಿ ಪಂದ್ಯ ಪುಣೆಗೆ ಬಂದಾಗ ಆರಿಸಿದ ಆಟದ ಹೆಸರು ‘ಗೋವಿಂದ’! ಎತ್ತರದಲ್ಲಿ ಗಡಿಗೆಗಳು, ಅವುಗಳಲ್ಲಿ ಬೆಣ್ಣೆ. ಯಂತ್ರಗಳು ಕೂಡಿಕೊಂಡು ಅದನ್ನು ಲಪಟಾಯಿಸಬೇಕು. ಉಡುಪಿಯ ವಿಟ್ಲಪಿಂಡಿಯಲ್ಲಿ ಮೊಸರುಕುಡಿಕೆ ಒಡೆಯುವ ಗೊಲ್ಲರನ್ನು ಕಂಡವರಿಗೆ ಈ ಆಟದ ನಿಯಮಾವಳಿಯನ್ನು ವಿವರಿಸಬೇಕಾಗಿಯೇ ಇಲ್ಲ. ಬೆಣ್ಣೆ ಕದ್ದು ಗೆದ್ದವರು ಮಾತ್ರ ಚೀನದ ಷಿಯಾನ್ ಜಿಯಾವೊತೊಂಗ್ ವಿಶ್ವವಿದ್ಯಾನಿಲಯದವರು.

ರೋಬೋಕಾನ್‌ನಲ್ಲಿ ನಿಯಮ ಕೈಸೇರಿದ ಮೇಲೆ ತಯಾರಿಗೆ ತಿಂಗಳುಗಟ್ಟಲೆ ಕಾಲವಿರುತ್ತದೆ. ಕಾಲಕ್ಕೇ ಗೋಡೆ ಕಟ್ಟಿದವರು ಅಮೆರಿಕದವರು; ಇನ್ನು ಅತ್ತ ಹೋಗೋಣ.

ನ್ಯೂ ಹ್ಯಾಂಪ್‌ಷೈರಿನ ಮ್ಯಾಂಚೆಸ್ಟರ್ ಒಂದು ಕಾಲದ ಗಿರಣಿಯೂರು. ಮೆರಿಮ್ಯಾಕ್ ನದಿಯ ದಂಡೆಯ ಆ ಹಳೆಯ ಹತ್ತಿಗಿರಣಿಗಳ ಕಟ್ಟಡದಲ್ಲಿ ಕಾರ್ಯಶಾಲೆ ಇಟ್ಟುಕೊಂಡವರು ಡೀನ್ ಕೇಮನ್. ರೋಗಿಗಳು ಮೈಮೇಲೆ ಧರಿಸಬಹುದಾದ ಔಷಧದ ಪಂಪನ್ನು ಕಂಡುಹಿಡಿದು ಹಣ ಗಳಿಸಿದವರು. ಅವರಿಗಿದ್ದ ಕೊರಗು ಒಂದು: ಮಕ್ಕಳು ಚೆಂಡಾಟದವರನ್ನೂ ಚಿತ್ರತಾರೆಗಳನ್ನೂ ಆರಾಧಿಸುತ್ತಾರೆ, ಇಂಜಿನಿಯರನ್ನು ಕಣ್ಣೆತ್ತಿ ನೋಡುವುದಿಲ್ಲ. ಹಾಗಾದರೆ ಇಂಜಿನಿಯರಿಂಗನ್ನೇ ಚೆಂಡಾಟವಾಗಿಸಿದರೇನು? ೧೯೮೯ರಲ್ಲಿ ‘ಫಸ್ಟ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ, ಫ್ಲವರ್ಸ್ ಅವರನ್ನು ಜೊತೆಗೂಡಿಸಿಕೊಂಡರು. ೧೯೯೨ರಲ್ಲಿ ಮ್ಯಾಂಚೆಸ್ಟರಿನ ಒಂದು ಪ್ರೌಢಶಾಲೆಯ ವ್ಯಾಯಾಮ ಮಂದಿರದಲ್ಲಿ ೨೮ ತಂಡಗಳ ಮೊದಲ ಪಂದ್ಯ ನಡೆಯಿತು. ಅಂಕಣದ ತುಂಬ ಮುಸುಕಿನ ಜೋಳದ ಕಾಳು ಚೆಲ್ಲಿ, ಅದರ ನಡುವೆ ಟೆನಿಸ್ ಚೆಂಡುಗಳನ್ನು ಬಿಟ್ಟಿದ್ದರು. ರೋಬೋಗಳು ಕಾಳಿನಲ್ಲಿ ಚಕ್ರ ಹೂತುಕೊಳ್ಳದೆ ಚೆಂಡು ಬಾಚಬೇಕು. ಒಕ್ಕಣೆಯ ಕಣದಲ್ಲಿ ಯಂತ್ರಗಳನ್ನು ಬಿಟ್ಟಂತೆ ಇದ್ದಿರಬೇಕು. ಪ್ರತಿ ತಂಡದಲ್ಲೂ ಶಾಲೆಯ ಮಕ್ಕಳ ಜೊತೆಗೆ ಯಾವುದಾದರೊಂದು ಕಾರ್ಖಾನೆಯ ಇಂಜಿನಿಯರುಗಳು ದುಡಿಯುವರು. ಈ ಪದ್ಧತಿ ಇಂದಿಗೂ ಇದೆ.

ಫ್ಲವರ್ಸ್‌ರ ಚೀಲವೇ ಇಲ್ಲಿ ಸಾಮಾನಿನ ಪೆಟ್ಟಿಗೆಯಾಯಿತು. ಜನವರಿಯ ಮೊದಲ ವಾರಗಳ ಒಂದು ಶನಿವಾರ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಆ ವರ್ಷದ ಆಟ ಬಯಲಾಗುವುದು. ಅಂದಿನಿಂದ ಸುಮಾರು ಆರು ವಾರ. ಆಟ ವರ್ಷವರ್ಷವೂ ಹೊಸದು, ಆದ್ದರಿಂದ ಹೋದ ವರ್ಷದ ರೋಬೋ ಈ ವರ್ಷ ಬಹುಮಟ್ಟಿಗೆ ಗುಜರಿ.

ಆ ಆರು ವಾರಗಳಲ್ಲಿ ನಡೆಯುವುದೇನು? ಮೊದಲ ಮೂರು ದಿನ ಯಾರೂ ಸ್ಕ್ರೂಡ್ರೈವರ್ ಮುಟ್ಟಬಾರದೆಂದು ಒಳ್ಳೆಯ ತಂಡಗಳು ಕಟ್ಟುಮಾಡಿಕೊಂಡಿರುತ್ತವೆ. ನೂರಾರು ಪುಟದ ನಿಯಮಾವಳಿ ಓದಬೇಕು. ಯಾವ ಕೆಲಸಕ್ಕೆ ಎಷ್ಟು ಅಂಕ, ಎರಡೂವರೆ ನಿಮಿಷದಲ್ಲಿ ಎಷ್ಟು ಸಲ ಮಾಡಬಹುದು ಎಂದು ಲೆಕ್ಕ ಹಾಕಬೇಕು. ಎಲ್ಲವನ್ನೂ ಮಾಡುವ ಯಂತ್ರ ಬೇಕೆಂಬ ಆಸೆ ಮೊದಲ ದಿನ ಎಲ್ಲರಿಗೂ ಇರುತ್ತದೆ. ಆಸೆ ಬಿಡದವರು ಆರನೆಯ ವಾರದಲ್ಲಿ ಏನನ್ನೂ ಮಾಡದ ಯಂತ್ರವನ್ನು ಎದುರಿಗಿಟ್ಟುಕೊಂಡು ಕೂತಿರುತ್ತಾರೆ. ಬಳಿಕ ಹಲಗೆ, ರಟ್ಟು, ಮೊಳೆಗಳಿಂದ ಕಚ್ಚಾ ಮಾದರಿಗಳು. ಮೂರು ನಾಲ್ಕನೆಯ ವಾರ ಅಲ್ಯೂಮಿನಿಯಂ ಕೊಯ್ಯುವುದು, ತೂತು ಹಾಕುವುದು. ತೂಕದ ಮಿತಿ ಬಹುಕಾಲ ೧೨೦ ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು ೫೪ ಕಿಲೋ. ಕೊನೆಗೆ ತಕ್ಕಡಿಗೆ ಹಾಕಿದರೆ ಎರಡು ಕಿಲೋ ಹೆಚ್ಚು! ಸರಿ, ಮತ್ತೆ ತೂತು ಕೊರೆದು ಲೋಹ ಇಳಿಸಬೇಕು. ಆಮೇಲೆ ತಂತಿ. ಎಲ್ಲಕ್ಕಿಂತ ಕಡೆಗೆ, ಯಂತ್ರಕ್ಕೆ ಬುದ್ಧಿ ಕಲಿಸುವವರ ಸರದಿ. ೨೦೦೩ರಿಂದ ಪಂದ್ಯದ ಒಂದು ಹದಿನೈದು ಸೆಕೆಂಡು ರೋಬೋ ಯಾರ ಕೈಯ ಹಿಡಿತವೂ ಇಲ್ಲದೆ ತಾನೇ ಆಡಬೇಕೆಂಬ ನಿಯಮ ಬಂದಮೇಲೆ ಈ ಹುಡುಗರ ಭಾರ ಹೆಚ್ಚಿತು. ನಾನು ಕೆಲವು ಕಾಲ ಇಂಥ ಪಂದ್ಯಗಳಿಗೆ ತಯಾರಾಗುವ ಹುಡುಗರ ನಡುವೆ ಓಡಾಡಿದವನು. ಊರು ಯಾವುದಾದರೂ ಪ್ರೋಗ್ರಾಂ ಬರೆಯುವವರ ದೂರು ಒಂದೇ: ‘ಯಂತ್ರ ನಮ್ಮ ಕೈಗೆ ಬಂದದ್ದು ನಿನ್ನೆ ರಾತ್ರಿ, ಸಾರ್.’ ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತವರ ಮುಖ ಅವರದು.

ಈ ಪಂದ್ಯ ಬರಿಯ ಸೆಣಸಾಟವಾಗಿಯೇ ಉಳಿಯಲಿಲ್ಲ. ೧೯೯೯ರಲ್ಲಿ ತಂಡಗಳನ್ನು ಜೋಡಿ ಮಾಡಿ ಆಡಿಸಿದರು. ೨೦೦೧ರಲ್ಲಿ ನಾಲ್ಕು ತಂಡಗಳು ಒಟ್ಟಾಗಿ, ಎದುರಾಳಿಯೇ ಇಲ್ಲದೆ, ಗಡಿಯಾರದ ವಿರುದ್ಧ ಆಡಿದವು. ಬೆಳಗ್ಗೆ ಎದುರಾಳಿಯಾದವನು ಮಧ್ಯಾಹ್ನ ಜೊತೆಗಾರನಾಗುವಾಗ ಅವನ ಮುರಿದ ತೋಳನ್ನು ಕಟ್ಟಿಕೊಡುವುದು ಜಾಣತನವೂ ಹೌದು, ಸೌಜನ್ಯವೂ ಹೌದು. ಪೂರ್ಣ ಬಲದಿಂದ ಸೆಣಸುತ್ತಲೇ ಎದುರಾಳಿಯನ್ನು ಗೌರವಿಸುವ ಈ ನಡತೆಗೆ ಹೆಸರಿಟ್ಟು, ಅದನ್ನು ಪಂದ್ಯದ ಧರ್ಮವಾಗಿಸಿದವರು ಫ್ಲವರ್ಸ್. ಅಂತಿಮ ಸುತ್ತಿಗೆ ಮುಂಚೆ ಮುಂದಿರುವ ತಂಡಗಳು ತಮ್ಮ ಜೊತೆಗಾರರನ್ನು ಆರಿಸಿಕೊಳ್ಳುವ ಒಂದು ಸ್ವಯಂವರವೇ ನಡೆಯುತ್ತದೆ. ಅದಕ್ಕಾಗಿ ಎರಡು ದಿನ ಮೆಟ್ಟಿಲ ಮೇಲೆ ಕುಳಿತು ಪ್ರತಿಯೊಂದು ರೋಬೋದ ಗುಣದೋಷಗಳನ್ನು ಬರೆದಿಡುವ ಹುಡುಗಿ ಹುಡುಗರು ಯಂತ್ರ ಕಟ್ಟಿದವರಷ್ಟೇ ಮುಖ್ಯರು.

ಇನ್ನು ಗಡುವಿನ ವಿಚಾರ. ಆರು ವಾರ ಮುಗಿಯಿತೆಂದರೆ ಕೈ ತೆಗೆಯಬೇಕು. ಆದರೆ ತೆಗೆದರೆಂಬುದಕ್ಕೆ ಸಾಕ್ಷಿ ಏನು? ಮೊದಲು ಬಹಳ ವರ್ಷ ರೋಬೋವನ್ನು ಮರದ ಪೆಟ್ಟಿಗೆಯಲ್ಲಿ ಜಡಿದು ಸಾಗಿಸಿಬಿಡುತ್ತಿದ್ದರು. ಆಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ ಬಂತು. ಫೆಬ್ರವರಿಯ ಒಂದು ಮಂಗಳವಾರದ ನಡುರಾತ್ರಿಗೆ ಮುಂಚೆ ರೋಬೋವನ್ನು ಅದರೊಳಗೆ ಇಳಿಸಿ, ಸಂಖ್ಯೆಯಿರುವ ಮೊಹರಿನ ಪಟ್ಟಿ ಬಿಗಿದು, ದೊಡ್ಡವರೊಬ್ಬರು ರುಜು ಹಾಕಬೇಕು. ಚೀಲ ತಂಡದವರ ಕೋಣೆಯಲ್ಲೇ ಇರುತ್ತದೆ, ಕಾವಲಿಗೆ ಯಾರೂ ಇಲ್ಲ. ಪಂದ್ಯದ ಸ್ಥಳಕ್ಕೆ ಹೋಗುವವರೆಗೆ ಬಿಚ್ಚಬಾರದು, ಅಷ್ಟೆ. ನಂಬಿಕೆಯ ಮೇಲೆ ನಿಂತ ಬೀಗ. ತರಗತಿಯಲ್ಲಿ ಚೀಲ ಬಿಚ್ಚಿ ಆರಂಭವಾದ ಆಟ ಇಲ್ಲಿ ಚೀಲ ಕಟ್ಟಿ ಮುಗಿಯುತ್ತಿತ್ತು. ಎರಡರ ಉದ್ದೇಶವೂ ಒಂದೇ, ಎಲ್ಲರನ್ನೂ ಸಮ ಮಾಡುವುದು.

ಸಮವಾಯಿತೆ? ನನ್ನ ಉತ್ತರ, ಇಲ್ಲ ಎಂದೇ. ಪ್ರವೇಶಕ್ಕೇ ಐದಾರು ಸಾವಿರ ಡಾಲರು ತೆರಬೇಕಾದ ಪಂದ್ಯವಿದು. ಹಣವಿದ್ದ ತಂಡಗಳು ಅದೇ ನಕ್ಷೆಯಿಂದ ಅವಳಿ ರೋಬೋವೊಂದನ್ನು ಕಟ್ಟಿದವು. ಒಂದು ಚೀಲದಲ್ಲಿ ಮಲಗಿರುವಾಗ ಇನ್ನೊಂದು ರಾತ್ರಿ ಹಗಲು ಅಭ್ಯಾಸ ಮಾಡುತ್ತಿತ್ತು. ಅದರಿಂದ ಕಲಿತ ತಿದ್ದುಪಡಿಗೆ ೩೦ ಪೌಂಡಿನಷ್ಟು ಬಿಡಿಭಾಗಗಳನ್ನು ಚೀಲದ ಹೊರಗಿಟ್ಟು ಪಂದ್ಯಕ್ಕೆ ತರಲು ನಿಯಮವೇ ದಾರಿ ಬಿಟ್ಟಿತ್ತು. ಹೆಚ್ಚು ಊರುಗಳ ಪಂದ್ಯಕ್ಕೆ ಹೋಗಬಲ್ಲವರಿಗೆ ಚೀಲ ಬಿಚ್ಚಿಕೊಂಡು ದುಡಿಯುವ ದಿನಗಳೂ ಹೆಚ್ಚು. ಬಡ ಶಾಲೆಯ ಮಕ್ಕಳು ಮಾತ್ರ ತಮ್ಮ ಒಂದೇ ಯಂತ್ರವನ್ನು ಪ್ಲಾಸ್ಟಿಕ್ಕಿನ ಹಿಂದಿನಿಂದ ನೋಡುತ್ತ ಕೂತಿರಬೇಕು. ಗದ್ದೆಗೆ ಬೇಲಿ ಹಾಕಿಸಿ, ಉಣುಗೋಲನ್ನು ಮಾತ್ರ ಎತ್ತರದವನ ಕೈಗೆ ಎಟುಕುವಂತೆ ಇಟ್ಟಂತಾಯಿತು.

ಎದುರು ವಾದವೂ ಹುರುಳಿಲ್ಲದ್ದಲ್ಲ. ಆರು ವಾರ ಮುಗಿದರೆ ಮಕ್ಕಳು ಪಾಠಕ್ಕೆ, ಮೇಷ್ಟರು ಹೆಂಡತಿಮಕ್ಕಳ ಬಳಿಗೆ ಹಿಂದಿರುಗುತ್ತಿದ್ದರು. ಚೀಲ ಹೋದರೆ ಜನವರಿಯಿಂದ ಏಪ್ರಿಲ್‌ವರೆಗೆ ನಿದ್ದೆಯಿಲ್ಲ, ಸಂಬಳವಿಲ್ಲದ ಮಾರ್ಗದರ್ಶಕರು ಸೋತು ಬಿಟ್ಟುಹೋಗುತ್ತಾರೆ ಎಂದರು ಹಳಬರು. ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ದುಡಿಮೆಗೆ ಮಿತಿಯಿಲ್ಲವೆಂದಾಗ ಬಿಡುವಿರುವವನಿಗೇ ಲಾಭ, ಬಿಡುವೂ ಒಂದು ಬಗೆಯ ಹಣವೇ. ಆದರೂ, ಎರಡನೆಯ ಯಂತ್ರ ಕೊಳ್ಳಲಾರದವನಿಗೆ ಅವನ ಮೊದಲನೆಯದನ್ನಾದರೂ ಮುಟ್ಟಲು ಬಿಡುವುದು ನ್ಯಾಯವೆಂದು ನನ್ನ ಮತ. ಸಂಸ್ಥೆಯೂ ಹಾಗೆಯೇ ನಿಶ್ಚಯಿಸಿತು. ೨೦೧೯ರ ಋತುವೇ ಚೀಲದ ಕಡೆಯ ಋತುವೆಂದು ೨೦೧೮ರಲ್ಲಿ ಸಾರಿತು.

ವುಡೀ ಫ್ಲವರ್ಸ್ ೨೦೧೯ರ ಅಕ್ಟೋಬರಿನಲ್ಲಿ ತೀರಿಕೊಂಡರು. ಚೀಲವಿಲ್ಲದ ಮೊದಲ ಋತು ೨೦೨೦ರ ಜನವರಿಯಲ್ಲಿ ಆರಂಭವಾಯಿತು. ಫೆಬ್ರವರಿ ಕಳೆದರೂ ಕಾರ್ಯಶಾಲೆಗಳ ದೀಪ ಆರಲಿಲ್ಲ. ಮೊದಲ ಒಂದೆರಡು ವಾರದ ಪಂದ್ಯಗಳು ನಡೆದವು. ಅಷ್ಟರಲ್ಲಿ ಕೋವಿಡ್ ಬಂತು. ಮಾರ್ಚ್ ೧೨ರಂದು ಉಳಿದ ಋತುವೆಲ್ಲ ರದ್ದಾಯಿತು. ಬಿಚ್ಚಿಟ್ಟ ಯಂತ್ರಗಳು ಮುಚ್ಚಿದ ಶಾಲೆಗಳೊಳಗೆ ಉಳಿದುವು. ಎಷ್ಟೋ ತಂಡಗಳ ಹುಡುಗರು ರೋಬೋದ ಭಾಗಗಳನ್ನು ಅಚ್ಚುಹಾಕುತ್ತಿದ್ದ ತಮ್ಮ ಪ್ರಿಂಟರುಗಳನ್ನು ಮನೆಗೆ ಒಯ್ದು ಆಸ್ಪತ್ರೆಗಳಿಗೆ ಮುಖಕವಚ ಮಾಡಿಕೊಟ್ಟರು. ೨೦೨೧ರಲ್ಲಿ ತಂಡಗಳು ತಮ್ಮ ತಮ್ಮ ಊರಲ್ಲೇ ಯಂತ್ರ ಓಡಿಸಿ ಅಂಕ ಕಳುಹಿಸಿದವು. ೨೦೨೨ರಲ್ಲಿ ಮತ್ತೆ ಎದುರುಬದುರಾಗಿ ನಿಂತವು. ಚೀಲ ಮರಳಿ ಬರಲಿಲ್ಲ. ಜನವರಿಯ ಶನಿವಾರದಿಂದ ಪಂದ್ಯದ ಮುನ್ನಾ ದಿನದವರೆಗೆ ಯಂತ್ರವನ್ನು ಮುಟ್ಟಲು ಈಗ ಅಡ್ಡಿಯಿಲ್ಲ. ಎಷ್ಟು ಹೊತ್ತಿಗೆ ದೀಪ ಆರಿಸಬೇಕೆಂಬುದನ್ನು ಒಂದೊಂದು ತಂಡವೂ ತನ್ನೊಳಗೆ ಜಗಳವಾಡಿ ತೀರ್ಮಾನಿಸಿಕೊಳ್ಳುತ್ತದೆ.