ಕಾಡಿನ ಗೆರೆ ಎಳೆದವರು ಯಾರು?

ಕೊಡಗಿನ ಚರಿತ್ರೆ ಅಂದರೆ ಹಾಲೇರಿ ಅರಸರು, ಕೋವಿ, ಒಡಿಕತ್ತಿ, ದಂಡಿನ ಶೌರ್ಯ. ಶಾಲೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ. ಲೈನ್ ಮನೆಯ ಒಲೆ ಮುಂದೆ ನಮ್ಮ ಅವ್ವಂದಿರು ಹೇಳುತ್ತಿದ್ದ ಚರಿತ್ರೆಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಮನೆತನದಲ್ಲೇ ಮೊದಲು ಅಕ್ಷರ ಕಂಡವರು ನಾವು. ಅದಕ್ಕೇ ಈಗ ಇಸವಿ, ಎಕರೆ, ಕಾಯ್ದೆ ಹಿಡಿದೇ ಕೇಳುತ್ತೇವೆ: ಕೊಡಗಿನ ಕಾಡು ಕಡಿದವರು ಯಾರು? ಕಾಡುಗಳ್ಳರು ಅನ್ನಿಸಿಕೊಂಡವರು ಯಾರು?

1834ರಲ್ಲಿ ಕಂಪನಿ ಸರ್ಕಾರ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಗೊಂಡಿತು. ಆಗ ಇಲ್ಲಿ ಗದ್ದೆಯ ಜೊತೆಗೇ ಕೈ ಬದಲಾಗುವ ಆಳುಗಳಿದ್ದರು. ಎರವರು, ಹೊಲೆಯರು. ಅರಸ ಹೋದ, ಜೀತ ಹೋಗಲಿಲ್ಲ. ಗುಲಾಮಗಿರಿಗೆ ಮಾನ್ಯತೆ ಇಲ್ಲ ಅಂತ 1843ರಲ್ಲಿ ಒಂದು ಕಾಯ್ದೆ ಬಂತು. ಜೀತ ರದ್ದು ಅಂತ 1976ರಲ್ಲಿ ಇನ್ನೊಂದು ಕಾಯ್ದೆ ಬರಬೇಕಾಯ್ತು. ನಡುವಿನ 133 ವರ್ಷ ಏನು ನಡೀತಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಯಾಕೆ?

ಆಮೇಲೆ ಕಾಫಿ ಬಂತು. 1854ರಲ್ಲಿ ಫೌಲರ್ ಎಂಬ ಬಿಳಿ ದೊರೆ ಮಡಿಕೇರಿಯಲ್ಲಿ ತೋಟ ತೆರೆದ. ಯೂರೋಪಿಯನ್ನರ ಪೈಕಿ ಅವನೇ ಮೊದಲು. ಅವನ ಹಿಂದೆ ಉಳಿದವರು ಸಾಲುಗಟ್ಟಿದರು. ಸಂಪಾಜೆ ಘಾಟಿಯ ಇಳಿಜಾರಿನಲ್ಲಿ ಮರ ಉರುಳಿಸಿ, ಬೆಂಕಿ ಹಚ್ಚಿ, ನೆರಳೇ ಇಲ್ಲದ ಕಡೆ ಕಾಫಿ ನೆಟ್ಟರು. ಮಳೆಗೆ ಮಣ್ಣು ಕೊಚ್ಚಿಹೋಯ್ತು, ಗಿಡಕ್ಕೆ ಕಾಂಡಕೊರಕ ಹತ್ತಿತು. ಎಷ್ಟೋ ತೋಟಗಳನ್ನು ಪಾಳು ಬಿಟ್ಟು ಸಿದ್ದಾಪುರ, ಪಾಲಿಬೆಟ್ಟದ ಬಿದಿರು ಸೀಮೆಗೆ ಹೊರಟರು. ಅದೇ ಕಾಲಕ್ಕೆ ಕಾಡಿನ ಜನ ಒಂದಿಷ್ಟು ಜಾಗ ಸವರಿ, ಸುಟ್ಟು, ರಾಗಿ ಚೆಲ್ಲಿ, ಒಂದೆರಡು ಬೆಳೆ ತೆಗೆದು ಆ ನೆಲವನ್ನು ಮತ್ತೆ ಕಾಡಿಗೇ ಬಿಡುತ್ತಿದ್ದರು. ಅದು ಕುಮರಿ. ದೊರೆ ಸುಟ್ಟರೆ ಅಭಿವೃದ್ಧಿ, ಕುರುಬ ಸುಟ್ಟರೆ ಕಾಡಿಗೆ ಕೇಡು! ಅರಣ್ಯ ಇಲಾಖೆ ಮೀಸಲು ಅರಣ್ಯದ ಗಡಿಕಲ್ಲು ನೆಟ್ಟಿತು, ಕುಮರಿಗೆ ಕಡಿವಾಣ ಬಿತ್ತು. ತೇಗ ನೆಡುವುದಕ್ಕೆ, ಆನೆ ಪಳಗಿಸುವುದಕ್ಕೆ ಮಾತ್ರ ಅದೇ ಕುರುಬರ ಕೈ ಬೇಕಾಯ್ತು.

ನಾಡೆಲ್ಲ ಹೊಗಳುವ ದೇವರಕಾಡುಗಳ ಲೆಕ್ಕ ನೋಡಿ. 1905ರಲ್ಲಿ 15,506 ಎಕರೆ. 1985ರಲ್ಲಿ 6,299. ಎಂಬತ್ತು ವರ್ಷದಲ್ಲಿ ಒಂಬತ್ತು ಸಾವಿರ ಎಕರೆ ದೇವರ ಕೈಯಿಂದಲೇ ಜಾರಿತು. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಲಾಗದು. ಕೆಲವು ಕಡೆ ಬಡವರ ಗುಡಿಸಲೂ ಎದ್ದಿವೆ. ಆದರೆ ತೋಟದ ಬೇಲಿ ವರ್ಷಕ್ಕೆ ನಾಲ್ಕಡಿ ಸರಿದರೆ ಯಾರ ಕಣ್ಣಿಗೂ ಬೀಳೋದಿಲ್ಲ, ಗುಡಿಸಲಿನ ಗೂಟ ಮಾತ್ರ ಎಲ್ಲರಿಗೂ ಚುಚ್ಚುತ್ತೆ.

ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯ್ತು, ಎಪ್ಪತ್ತರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯ್ತು. ಬೇಸಾಯ ನಿಂತಿತು, ಜೇನು ಗೆಡ್ಡೆಗೂ ಅಡ್ಡಿ ಬಂತು, ಹಾಡಿಗಳು ಒಂದೊಂದಾಗಿ ಖಾಲಿಯಾದವು. ಹೊರಬಿದ್ದ ಜೇನುಕುರುಬರು, ಬೆಟ್ಟಕುರುಬರು, ಎರವರು ಎಲ್ಲಿಗೆ ಹೋದರು? ಬಹಳ ಮಂದಿ ಕಾಫಿ ತೋಟದ ಲೈನ್ ಮನೆಗೆ. ಕಾಡು ಉಳಿಸುವ ಕೆಲಸ ಸಾಹುಕಾರರಿಗೆ ಅಗ್ಗದ ಕೂಲಿಯನ್ನೂ ಒದಗಿಸಿತು. ಹುಲಿ ಎಣಿಸುವವರ ಪಟ್ಟಿಯಲ್ಲಿ ಈ ಲೆಕ್ಕ ಬರೋದಿಲ್ಲ.

ತಿತಿಮತಿ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತೆ. ನಮ್ಮ ಜನ ವೇಷ ಹಾಕಿ ಬಂದು ದೇವರನ್ನೇ ಬಾಯಿಗೆ ಬಂದಂತೆ ಬೈಯುತ್ತಾರೆ. ಬೇಟೆಗೆ ಅಂತ ಕರಕೊಂಡು ಬಂದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುಕಾಡಿನಲ್ಲಿ ಕೈಬಿಟ್ಟ ಅನ್ನೋದು ಕತೆ. ಅವತ್ತು ದಾರಿಯಲ್ಲಿ ಸಿಕ್ಕ ದೊಡ್ಡವರಿಗೂ ಬೈಗುಳದ ಪಾಲು ಸಿಗುತ್ತೆ. ಬೈಸಿಕೊಂಡವರು ನಕ್ಕು ಕಾಸು ಕೊಡುತ್ತಾರೆ. ವರ್ಷಕ್ಕೆ ಒಂದೇ ದಿನ ತಾನೇ!

ಜನರನ್ನು ಹೊರಗೆ ಹಾಕಿದ ಅದೇ ನಾಗರಹೊಳೆಯ ಮೂರ್ಕಲ್‌ನಲ್ಲಿ ತೊಂಬತ್ತರ ದಶಕದಲ್ಲಿ ಸರ್ಕಾರ ತಾಜ್ ಗುಂಪಿನ ಹೋಟೆಲಿಗೆ ಜಾಗ ಗುತ್ತಿಗೆ ಕೊಟ್ಟಿತು. ಆದಿವಾಸಿಗಳು ಬೀದಿಗಿಳಿದರು, ಕೋರ್ಟಿನ ಬಾಗಿಲಿಗೂ ಹೋದರು. ಆ ಗುತ್ತಿಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಅಂತ 1997ರಲ್ಲಿ ಹೈಕೋರ್ಟ್ ಹೇಳಿತು. ಅವತ್ತು ಕಾಡಿನ ಕಾವಲಿಗೆ ನಿಂತವರು ಯಾರು ಅನ್ನೋದನ್ನ ಗೆಳೆಯರು ಮರೆಯಬಾರದು.

ಜನ ಹೆಚ್ಚಿ ಕಾಡು ಹೋಯ್ತು ಅನ್ನುವ ಮಾತೊಂದಿದೆ. ಜನಗಣತಿ ತೆಗೆದು ನೋಡಿದೆವು. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561. 2011ರಲ್ಲಿ 5,54,519. ಹತ್ತು ವರ್ಷಕ್ಕೆ ಆರು ಸಾವಿರವೂ ಹೆಚ್ಚಲಿಲ್ಲ. ಹಾಗಾದರೆ ಬೆಟ್ಟದ ನೆತ್ತಿಯ ರೆಸಾರ್ಟು, ಹೋಂಸ್ಟೇ, ಗದ್ದೆ ತುಂಬಿಸಿ ಮಾಡಿದ ಸೈಟು ಯಾರಿಗೆ? ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಹೋಗುತ್ತಿದೆ. ಆ ನೀರಿಗಾಗಿ ಕೊಡಗಿನಲ್ಲಿ ಕಾಡು ಇರಬೇಕು ಅನ್ನುವ ನಗರವೇ ಶನಿವಾರ ಭಾನುವಾರ ಮಲಗೋದಕ್ಕೆ ಇಲ್ಲಿ ಕೋಣೆ ಕೇಳುತ್ತೆ. ಮೈಸೂರಿನಿಂದ ಕೋಝಿಕ್ಕೋಡಿಗೆ 400 ಕಿಲೋವೋಲ್ಟಿನ ತಂತಿ ಎಳೆದಾಗ 2015ರ ಸುಮಾರಿಗೆ ಸಾವಿರ ಸಾವಿರ ಮರ ನೆಲಕ್ಕೆ ಬಿದ್ದವು. ಆ ಮರಗಳಿಗೆ ಕಾಗದ ಇತ್ತು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮಳೆ ವಿಪರೀತ ಸುರಿದಿತ್ತು, ನಿಜ. ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ನೆಟ್ಟಗೆ ಕಡಿದದ್ದೂ ಕಾರಣ ಅಂತ ಭೂವಿಜ್ಞಾನಿಗಳೇ ಹೇಳಿದರು.

ಇದಕ್ಕೆ ಎರಡು ವರ್ಷ ಮೊದಲು, 2016ರ ಡಿಸೆಂಬರಿನಲ್ಲಿ, ದಿಡ್ಡಳ್ಳಿ. ಲೈನ್ ಮನೆ ಸಾಕಾಗಿ ಹೊರಬಂದ ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಇದು ಪೈಸಾರಿ ಅಂದರು ಜನ, ಮೀಸಲು ಅರಣ್ಯ ಅಂದಿತು ಇಲಾಖೆ. ತೀರ್ಮಾನ ಮಾಡಿದ್ದು ಜೆಸಿಬಿ. ಐನೂರಕ್ಕೂ ಹೆಚ್ಚು ಗುಡಿಸಲು ಚಳಿಗಾಲದಲ್ಲಿ ನೆಲಸಮವಾದವು. ಹೋರಾಟ ಎದ್ದ ಮೇಲೆ ಕುಶಾಲನಗರದ ಬಳಿಯ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಅಂದರೆ ಕೊಡಲು ಜಾಗ ಮೊದಲೇ ಇತ್ತು. ಬೀದಿಯಲ್ಲಿ ಅತ್ತು ಕೇಳುವವರೆಗೆ ಅದು ಯಾರಿಗೂ ಕಂಡಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಒಂದು ಮಾತಿದೆ, ನಮ್ಮವರು ಬಾಯಿಪಾಠ ಮಾಡಬೇಕಾದ್ದು. ಹಿರಿಯರು ಹೇಳಿ ಬರೆಸಿದ್ದೂ ಸಾಕ್ಷಿ. ಹಳೆಯ ಬಾವಿ ಸಾಕ್ಷಿ. ಗೋರಿ ಸಾಕ್ಷಿ. ದೇವರ ಜಾಗ ಸಾಕ್ಷಿ. 2025ರ ಮೇ 5ರಂದು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ 52 ಜೇನುಕುರುಬ ಕುಟುಂಬಗಳು ಮರಳಿ ಹೋಗಿ, ತಮ್ಮ ಹಿರಿಯರು ಮಣ್ಣಾದ ನೆಲ ಇದೇ ಅಂತ ಗುಡಿಸಲು ಕಟ್ಟಿದವು. ಇಲಾಖೆಯವರು ಬಂದರು, ಪೊಲೀಸರೂ ಬಂದರು. ಆ ಹಾಡಿಗಳಲ್ಲಿ ಹುಟ್ಟಿದ ಅಜ್ಜ ಅಜ್ಜಿಯರಿಗೆ ವಯಸ್ಸಾಗಿದೆ. ಅವರು ಹೇಳೋದನ್ನ ಬರೆದು, ಹೆಬ್ಬೆಟ್ಟು ಹಾಕಿಸಿ, ಗ್ರಾಮಸಭೆಯ ಪುಸ್ತಕಕ್ಕೆ ಏರಿಸಬೇಕು. ಅಕ್ಷರ ಬಂದ ನಾವು ಈ ಮಳೆಗಾಲ ಮುಗಿಯುವುದರೊಳಗೆ ಒಂದೊಂದು ಹಾಡಿಗೆ ಇಬ್ಬಿಬ್ಬರಂತೆ ಹೊರಡುತ್ತಿದ್ದೇವೆ.