ಪಟ್ಟಣದ ಬಾಗಿಲು ಎಲ್ಲಿ?

ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಚೈತ್ರಮಾಸದ ವಿರೂಪಾಕ್ಷನ ತೇರಿಗೆಂದು ಸೋದರಮಾವನ ಬೆನ್ನು ಹತ್ತಿ, ಹೊಸಪೇಟೆಯ ಆಚೆಗಿರುವ ನಮ್ಮ ಹಳ್ಳಿಯಿಂದ ಕಾಲುನಡಿಗೆಯಲ್ಲೇ ಹಂಪೆಗೆ ಹೊರಟಿದ್ದೆ. ಹೊಸಪೇಟೆ ದಾಟಿ, ಅನಂತಶಯನಗುಡಿಯ ಎತ್ತರದ ಶಿಖರ ಹಿಂದೆ ಸರಿದರೂ ನನ್ನ ಕಣ್ಣಿಗೆ ಪಟ್ಟಣವೆಂಬುದು ಬೀಳಲೊಲ್ಲದು. ಎರಡೂ ಕಡೆ ಕಬ್ಬು, ಬಾಳೆ, ಬಂಡೆಗುಡ್ಡ. ಕಾಲು ಸೋತು ಕೇಳಿದೆ: “ಮಾವಾ, ಹಂಪಿ ಇನ್ನಾ ಎಷ್ಟು ದೂರ ಐತಿ?”

ಮಾವ ಹೊಲದ ನಡುವೆ ನಿಂತಿದ್ದ ಹಳೆಯ ಕಲ್ಲುಗೋಡೆಯೊಂದನ್ನು ಬೊಟ್ಟುಮಾಡಿ ತೋರಿಸಿದರು. “ಅಗಳೋ, ಅದು ಪಟ್ಣದ ಗ್ವಾಡಿ. ನೀ ಆಗ್ಲೇ ಪಟ್ಣದಾಗ ಅದೀಯಲ್ಲೋ!”

ಸೋತ ಹುಡುಗನನ್ನು ನಡೆಸಲು ಹೇಳಿದ ಹುಸಿಮಾತೆಂದು ನಾನು ತಿಳಿದೆ. ಬಾಳೆಯ ತೋಟವೂ ಪಟ್ಟಣವೆ? ಗೋಡೆಯ ಒಳಗೆ ಊರು, ಹೊರಗೆ ಹೊಲ ಎಂಬುದಷ್ಟೇ ನನಗೆ ತಿಳಿದ ಲೋಕನೀತಿ.

ಆ ಮಾತು ಹುಸಿಯಲ್ಲವೆಂದು ಅರಿವಾದದ್ದು ಎಷ್ಟೋ ವರ್ಷಗಳ ಮೇಲೆ, ಪ್ರವಾಸಿಗಳ ಬರಹಗಳನ್ನು ಓದುವಾಗ. 1443ರಲ್ಲಿ ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನು ವಿಜಯನಗರಕ್ಕೆ ಒಂದರೊಳಗೊಂದಾಗಿ ಏಳು ಕೋಟೆಗಳಿದ್ದುವೆಂದು ಬರೆದಿದ್ದಾನೆ. ಹೊರಕೋಟೆಯ ಮುಂದೆ, ಕುದುರೆಯಾಗಲಿ ಕಾಲಾಳಾಗಲಿ ಸುಲಭವಾಗಿ ನುಗ್ಗದಂತೆ ಒತ್ತಾಗಿ ಹೂತ ಕಲ್ಲುಗಳು. ಆದರೆ ಅವುಗಳನ್ನು ದಾಟಿ ಒಳಹೊಕ್ಕವನಿಗೆ ಮೊದಲು ಎದುರಾದದ್ದು ಅರಮನೆಯಲ್ಲ. ಒಂದನೆಯ ಕೋಟೆಯಿಂದ ಮೂರನೆಯದರವರೆಗೆ ಉಳುವ ಹೊಲ, ತೋಟ, ಮನೆಗಳು. ಅಂಗಡಿಗಳೂ ಜನಸಂದಣಿಯೂ ಅದರಿಂದಾಚೆಗೆ. ಮಾವ ತೋರಿಸಿದ ಗೋಡೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ?

ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೋ ಪಾಯೆಸ್ ನಾವು ನಡೆದ ದಿಕ್ಕಿನಿಂದಲೇ ರಾಜಧಾನಿಯನ್ನು ಹೊಕ್ಕವನು. ಕೃಷ್ಣದೇವರಾಯನು ಹೊಸದಾಗಿ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಅಲ್ಲಿಂದ ಹಳೆಯ ನಗರದವರೆಗೆ ಅಗಲವಾದ ಬೀದಿ, ಎರಡೂ ಪಕ್ಕ ಮನೆ ಮತ್ತು ಅಂಗಡಿಗಳ ಸಾಲು, ದಾರಿಹೋಕರ ನೆರಳಿಗೆಂದು ಅರಸನು ನೆಡಿಸಿದ ಮರಗಳು ಇದ್ದುವೆಂದು ಅವನು ಹೇಳುತ್ತಾನೆ. ಆಗ ಅರಸನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕೆಲಸದಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ನೆಲ ಕಾಣದ ಹಾಗೆ ತುಂಬಿದ್ದುದನ್ನೂ ಅವನು ಕಂಡ. ಅವನ ತರುವಾಯ ಬಂದ ನೂನಿಜ್, ಆ ನೀರಿನಿಂದ ಗದ್ದೆ ತೋಟಗಳು ಎದ್ದ ಬಗೆಯನ್ನು ವಿವರಿಸುತ್ತಾನೆ: ಜನರು ಭೂಮಿಯನ್ನು ಹಸನುಮಾಡಿಕೊಳ್ಳಲೆಂದು ಅರಸನು ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟನಂತೆ. ಸಾಮ್ರಾಜ್ಯವು ಕತ್ತಿಯಿಂದ ಬೆಳೆಯಿತೆಂದು ಶಾಲೆಯಲ್ಲಿ ಕಲಿತ ನನಗೆ, ಆ ಒಂಬತ್ತು ವರ್ಷಗಳ ತಾಳ್ಮೆ ದೊಡ್ಡದಾಗಿ ಕಂಡಿತು.

ಕೋಟೆಯೊಳಗೆ ಹೊಲಗಳಿದ್ದರೆ ಮುತ್ತಿಗೆಯ ಕಾಲಕ್ಕೆ ಅನ್ನಕ್ಕೆ ಕೊರತೆಯಿಲ್ಲ. ಆದರೆ ಇತಿಹಾಸದ ವಿಪರ್ಯಾಸ ನೋಡಿ: 1565ರ ಜನವರಿಯಲ್ಲಿ ರಣರಂಗದಲ್ಲಿ ರಾಮರಾಯನು ಮಡಿದ ಬಳಿಕ ರಾಜಧಾನಿಗೆ ಮುತ್ತಿಗೆಯೇ ಬೀಳಲಿಲ್ಲ. ತಿರುಮಲರಾಯನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಕೊಂಡೆಯ ಕಡೆಗೆ ಹೊರಟುಹೋದ. ಕಾಯುವವರಿಲ್ಲದ ಏಳು ಕೋಟೆಗಳು ಬರಿಯ ಕಲ್ಲಾದುವು. ಎರಡು ವರ್ಷಗಳ ಮೇಲೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್, ಮನೆಗಳು ಇನ್ನೂ ನಿಂತಿದ್ದರೂ ಬರಿದಾಗಿವೆ, ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ಸೇರಿಕೊಂಡಿವೆ ಎಂದು ಬರೆದ.

ಭಂಡಾರ ಆನೆಯ ಮೇಲೆ ಹೋದೀತು. ಕಾಲುವೆಯನ್ನು ಹೇರಿಕೊಂಡು ಹೋಗುವವರುಂಟೆ? ಹೇಮಕೂಟದ ದಕ್ಷಿಣದ ಕಣಿವೆಯಲ್ಲಿ ವಿಜಯನಗರ ಕಾಲದ ತುರ್ತು ಕಾಲುವೆ ಇಂದಿಗೂ ಗದ್ದೆ ಬಾಳೆಗಳಿಗೆ ನೀರುಣಿಸುತ್ತದೆ. ಮಹಾನವಮಿ ದಿಬ್ಬದ ಮೇಲೆ ಈಗ ಗಾಳಿಗಷ್ಟೇ ಒಡ್ಡೋಲಗ. ಕೆಳಗಿನ ಗದ್ದೆಯಲ್ಲಿ ಮಾತ್ರ ಅಂದಿನ ಕೆಲಸವೇ ನಡೆಯುತ್ತಿದೆ. 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಅದು ಸಂತೋಷವೇ. ಆದರೆ ಸ್ಮಾರಕಗಳ ರಕ್ಷಣೆಯ ಮಾತು ಬಂದಾಗ, ಅಲ್ಲಿ ಉಳುವವನು ಕಲ್ಲುಗಳ ನಡುವೆ ಆಮೇಲೆ ನುಸುಳಿಕೊಂಡವನೆಂಬಂತೆ ಮಾತನಾಡುವವರನ್ನು ನಾನು ಕೇಳಿದ್ದೇನೆ. ಅಬ್ದುಲ್ ರಜಾಕನ ಸಾಕ್ಷ್ಯ ಅವರ ಕಡೆಗಿಲ್ಲ. ಹೊಲವೂ ಆ ನಗರದ ಒಂದು ಕೇರಿ. ರಾಜಬೀದಿಗಳು ಬಯಲಾದ ಮೇಲೂ ಬದುಕಿ ಉಳಿದ ಕೇರಿ.

ಅಂದು ತೇರು ನೋಡುವ ಮೊದಲು ಮಾವ ನನ್ನನ್ನು ಬಡವಿಲಿಂಗದ ಗುಡಿಗೆ ಕರೆದೊಯ್ದರು. ಕಾಲುವೆಯ ನೀರು ಒಳಗೇ ಹರಿದು ಬಂದು ಲಿಂಗದ ಪಾದದಲ್ಲಿ ನಿಂತಿತ್ತು. ಬಡವಿಯೊಬ್ಬಳು ಮಾಡಿಸಿದ ಲಿಂಗವೆಂದು ಪ್ರತೀತಿ. ಮಾವ ಹೊರಗಿನ ಕಾಲುವೆಯಲ್ಲಿ ಕಾಲು ತೊಳೆದು, ಕೆಸರು ಮೆತ್ತಿದ ನನ್ನ ಕಾಲನ್ನೂ ತೊಳೆದರು. ಅಬ್ದುಲ್ ರಜಾಕನ ಹೆಸರನ್ನು ಅವರು ಕೇಳಿದವರಲ್ಲ. ಪಟ್ಟಣ ಎಲ್ಲಿಂದ ಮೊದಲಾಗುತ್ತದೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು.