ಸ್ಟೇರಿಂಗ್ ನಮ್ಮದು, ಕಾಡು ಅವುಗಳದು: ಕ್ರೂಗರ್‌ನಲ್ಲಿ ಸ್ವಂತ ವಾಹನದ ಸಫಾರಿ

ತಾಳವಾಡಿಯಿಂದ ಸತ್ಯಮಂಗಲಕ್ಕೆ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಅಥವಾ ಊಟಿಗೆ ಹೋಗಿಬರುವ ಗಡಿನಾಡಿನವರಿಗೆ ಕಾಡಿನ ನಡುವಿನ ರಸ್ತೆ ಹೊಸದೇನಲ್ಲ. ಆದರೆ ಆ ರಸ್ತೆ ಇರುವುದು ಊರಿಂದೂರಿಗೆ ಹೋಗುವುದಕ್ಕೆ. ದಾರಿಯಲ್ಲಿ ಆನೆ ಕಂಡರೆ ಅದು ಅದೃಷ್ಟ, ಕೆಲವೊಮ್ಮೆ ದುರದೃಷ್ಟ. ಬಂಡೀಪುರ, ನಾಗರಹೊಳೆಗಳ ಸಫಾರಿ ದಾರಿಗೆ ಖಾಸಗಿ ಕಾರು ಬಿಡುವ ಪದ್ಧತಿ ಇಲ್ಲ.

ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಪದ್ಧತಿ ಬೇರೆ. ಅಲ್ಲಿ ಗೇಟಿನಲ್ಲಿ ಹಣ ಕಟ್ಟಿ, ಹೆಸರು ಬರೆಸಿ, ತಮ್ಮದೇ ಕಾರಿನಲ್ಲಿ ಸಿಂಹ, ಆನೆಗಳಿರುವ ಕಾಡಿನೊಳಗೆ ಹೋಗಬಹುದು. ಜೊತೆಗೆ ಮಾರ್ಗದರ್ಶಿ ಇರಬೇಕೆಂಬ ನಿಯಮವಿಲ್ಲ. ಗಂಡ ಹೆಂಡತಿ, ಅಪ್ಪ ಮಗಳು, ಅಜ್ಜಿ ಮೊಮ್ಮಗ, ಹೀಗೆ ಇಬ್ಬರೇ ಹೋಗುವುದು ಅಲ್ಲಿ ಸಾಮಾನ್ಯ. ಈ ಸ್ವಾತಂತ್ರ್ಯ ನಿಂತಿರುವುದು ಕಾರಿನೊಳಗೆ ಕೂತವರ ಶಿಸ್ತಿನ ಮೇಲೆ. ಆ ಶಿಸ್ತು ತಪ್ಪಿದರೆ ಬೆಲೆ ತೆರುವುದು ಮನುಷ್ಯ ಮಾತ್ರವಲ್ಲ, ಪ್ರಾಣಿಯೂ ಹೌದು.

ಉದ್ಯಾನದ ಹಿನ್ನೆಲೆ

ಕ್ರೂಗರ್ ಇರುವುದು ದಕ್ಷಿಣ ಆಫ್ರಿಕದ ಈಶಾನ್ಯ ಮೂಲೆಯಲ್ಲಿ. ಪೂರ್ವಕ್ಕೆ ಮೊಜಾಂಬಿಕ್, ಉತ್ತರಕ್ಕೆ ಜಿಂಬಾಬ್ವೆ. ವಿಸ್ತೀರ್ಣ ಸುಮಾರು 19,500 ಚದರ ಕಿ.ಮೀ. ಬಂಡೀಪುರ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 874 ಚದರ ಕಿ.ಮೀ. ಎಂಬುದನ್ನು ನೆನೆದರೆ ಅದರ ಅಗಾಧತೆ ತಿಳಿಯುತ್ತದೆ. ಉತ್ತರ ದಕ್ಷಿಣವಾಗಿ ಸುಮಾರು 350 ಕಿ.ಮೀ. ಉದ್ದವಿದೆ. ಇಲ್ಲಿ 147 ಜಾತಿಯ ಸಸ್ತನಿಗಳು, 500ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ.

ಅಂದಿನ ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್ ಕಾಲದಲ್ಲಿ, 1898ರಲ್ಲಿ, ಸಾಬಿ ನದಿಯ ದಕ್ಷಿಣದ ಕಾಡನ್ನು ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. 1902ರಲ್ಲಿ ಜೇಮ್ಸ್ ಸ್ಟೀವನ್‌ಸನ್ ಹ್ಯಾಮಿಲ್ಟನ್ ಅದರ ಮೇಲ್ವಿಚಾರಕರಾಗಿ ಬಂದು 1946ರವರೆಗೂ ಆ ಕಾಡನ್ನು ಕಾದರು. 1926ರ ಮೇ 31ರಂದು ಅದು ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ 1927ರಲ್ಲಿ ಮೊದಲ ಬಾರಿಗೆ ಪ್ರವಾಸಿಗರ ಕಾರುಗಳು ಒಳಗೆ ಬಂದವು. ಆ ವರ್ಷ ಬಂದದ್ದು ಮೂರೇ ಕಾರು. ಪ್ರವೇಶ ಶುಲ್ಕ ಒಂದು ಪೌಂಡು. ಸ್ವಂತ ವಾಹನದ ಸಫಾರಿಗೆ ಇಲ್ಲಿ ಹೆಚ್ಚುಕಡಿಮೆ ಉದ್ಯಾನದಷ್ಟೇ ವಯಸ್ಸು.

ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಉದ್ಯಾನದ ಉತ್ತರ ತುದಿಯಲ್ಲಿ, ಲುವುವು ಮತ್ತು ಲಿಂಪೋಪೊ ನದಿಗಳ ನಡುವೆ ಮಕುಲೇಕೆ ಸಮುದಾಯ ಬಾಳುತ್ತಿತ್ತು. ವರ್ಣಭೇದ ಸರ್ಕಾರ 1969ರಲ್ಲಿ ಅವರನ್ನು ಬಲವಂತವಾಗಿ ಒಕ್ಕಲೆಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು. ವರ್ಣಭೇದ ಕೊನೆಗೊಂಡ ಮೇಲೆ ಅವರು ಕಾನೂನಿನ ದಾರಿ ಹಿಡಿದು 1998ರಲ್ಲಿ ಭೂಮಿಯ ಹಕ್ಕನ್ನು ಮರಳಿ ಪಡೆದರು. ಆದರೆ ಕಾಡು ಕಡಿದು ಹೊಲ ಮಾಡಲಿಲ್ಲ. ಕಾಡನ್ನು ಕಾಡಾಗಿಯೇ ಉಳಿಸಿ, ಉದ್ಯಾನ ಸಂಸ್ಥೆಯೊಂದಿಗೆ ಸೇರಿ ಆಡಳಿತ ನಡೆಸುತ್ತ, ಪ್ರವಾಸಿ ವಸತಿಗಳಿಂದ ಆದಾಯ ಪಡೆಯುವ ವ್ಯವಸ್ಥೆ ಮಾಡಿಕೊಂಡರು. ಅಭಯಾರಣ್ಯದ ಅಂಚಿನಲ್ಲಿ ಬದುಕುವವರಿಗೆ ಈ ಕಥೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಹೋಗುವುದು ಹೇಗೆ?

ಜೋಹಾನ್ಸ್‌ಬರ್ಗ್ ನಗರದಿಂದ ಉದ್ಯಾನದ ದಕ್ಷಿಣದ ಗೇಟುಗಳಿಗೆ ಸುಮಾರು 400 ಕಿ.ಮೀ. ಹೆದ್ದಾರಿ ಉತ್ತಮವಾಗಿದ್ದು ಐದು ಗಂಟೆಯ ದಾರಿ. ನೌಕರಿಗೆಂದು ಅಲ್ಲಿರುವ ಮಗನ ಅಥವಾ ಮಗಳ ಮನೆಗೆ ಹೋದವರು ಅವರ ಕಾರಿನಲ್ಲೇ ಹೋಗಬಹುದು. ಬೇರೆಯವರಿಗೆ ವಿಮಾನ ನಿಲ್ದಾಣದಲ್ಲೇ ಬಾಡಿಗೆ ಕಾರು ಸಿಗುತ್ತದೆ. ಉದ್ಯಾನದೊಳಗಿನ ಸ್ಕುಕುಜಾದಲ್ಲೂ ಹತ್ತಿರದ ಎಂಬೊಂಬೆಲಾದಲ್ಲೂ ವಿಮಾನ ನಿಲ್ದಾಣಗಳಿವೆ.

ಭಾರತದವರಿಗೆ ಒಂದು ಅನುಕೂಲವೆಂದರೆ ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಚಲಿಸುತ್ತವೆ. ಸ್ಟೇರಿಂಗ್ ಬಲಗಡೆಗಿರುತ್ತದೆ. ಫೋಟೊ ಮತ್ತು ಸಹಿ ಇರುವ, ಇಂಗ್ಲಿಷಿನಲ್ಲಿ ಮುದ್ರಿತವಾದ ಚಾಲನಾ ಪರವಾನಗಿ ನಡೆಯುತ್ತದೆ. ಆದರೂ ನಮ್ಮ ಆರ್‌ಟಿಓ ಕಚೇರಿಯಲ್ಲಿ ಸಿಗುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ. ಮಕ್ಕಳಿದ್ದರೆ ಅವರ ಜನನ ಪ್ರಮಾಣಪತ್ರವೂ ಜೊತೆಗಿರಲಿ.

ಈ ಪ್ರದೇಶದಲ್ಲಿ ಮಲೇರಿಯಾ ಇದೆ. ಮಳೆಗಾಲದಲ್ಲಿ ಅಪಾಯ ಹೆಚ್ಚು. ಹೊರಡುವ ಮೊದಲೇ ವೈದ್ಯರನ್ನು ಕಂಡು ತಡೆಮಾತ್ರೆಯ ವಿಚಾರ ಕೇಳಬೇಕು. ಸಂಜೆ ಹೊತ್ತು ತುಂಬುತೋಳಿನ ಬಟ್ಟೆ ಬೇಕು. ಇನ್ನೊಂದು ಎಚ್ಚರಿಕೆ ಕಾಡಿನದಲ್ಲ, ಹೊರಗಿನ ರಸ್ತೆಯದು. 2022ರ ಅಕ್ಟೋಬರ್‌ನಲ್ಲಿ ನುಂಬಿ ಗೇಟಿಗೆ ಹೋಗುವ ದಾರಿಯಲ್ಲಿ ಜರ್ಮನಿಯ ಪ್ರವಾಸಿಯೊಬ್ಬರನ್ನು ದುಷ್ಕರ್ಮಿಗಳು ಗುಂಡಿಟ್ಟು ಕೊಂದರು. ಆದ್ದರಿಂದ ಯಾವ ಗೇಟಿನ ದಾರಿ ಸುರಕ್ಷಿತ ಎಂದು ಮೊದಲೇ ವಿಚಾರಿಸಿ, ಹಗಲಿನಲ್ಲೇ ಗೇಟು ತಲುಪುವಂತೆ ಹೊರಡಬೇಕು.

ಗೇಟು, ಹೊತ್ತು, ವೇಗ

ಕ್ರೂಗರ್‌ನಲ್ಲಿ ಎಲ್ಲವೂ ಸೂರ್ಯನ ಲೆಕ್ಕ. ಬೇಸಿಗೆಯಲ್ಲಿ ಗೇಟು ಬೆಳಿಗ್ಗೆ 5.30ಕ್ಕೆ ತೆರೆದು ಸಂಜೆ 6.30ಕ್ಕೆ ಮುಚ್ಚಿದರೆ, ಚಳಿಗಾಲದಲ್ಲಿ 6ಕ್ಕೆ ತೆರೆದು ತಿಂಗಳಿಗೆ ತಕ್ಕಂತೆ 5.30ಕ್ಕೆ ಅಥವಾ 6ಕ್ಕೆ ಮುಚ್ಚುತ್ತದೆ. ಅಲ್ಲಿನ ಬೇಸಿಗೆ ನವೆಂಬರ್‌ನಿಂದ ಫೆಬ್ರವರಿ, ಚಳಿಗಾಲ ಮೇಯಿಂದ ಆಗಸ್ಟ್ ಎಂಬುದನ್ನು ಮರೆಯಬಾರದು. ರಾತ್ರಿ ಉಳಿಯುವವರು ಹೊತ್ತು ಮುಳುಗುವ ಮೊದಲೇ ಬೇಲಿ ಹಾಕಿದ ಶಿಬಿರದೊಳಗೆ ಸೇರಬೇಕು. ತಡವಾದರೆ ದಂಡ. ಕತ್ತಲಲ್ಲಿ ಕಾಡು ನೋಡಬೇಕೆನ್ನುವವರಿಗೆ ಶಿಬಿರದಿಂದಲೇ ಸಿಬ್ಬಂದಿಯ ವಾಹನ ಹೊರಡುತ್ತದೆ, ಸ್ವಂತ ಕಾರಿಗೆ ಅವಕಾಶವಿಲ್ಲ.

ವೇಗದ ಮಿತಿ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ., ಜಲ್ಲಿ ರಸ್ತೆಯಲ್ಲಿ 40 ಕಿ.ಮೀ. ಪ್ರಾಣಿ ನೋಡುತ್ತ ಹೋಗುವಾಗ ಇದರ ಅರ್ಧ ವೇಗವೂ ಸಿಗುವುದಿಲ್ಲ. ನಿಲ್ಲುತ್ತ ಹೋದರೆ ಸರಾಸರಿ 20ರಿಂದ 25 ಕಿ.ಮೀ. ಎಂದು ಲೆಕ್ಕ ಹಾಕುವುದು ಜಾಣತನ. ಸ್ಕುಕುಜಾದಿಂದ ಲೋಯರ್ ಸಾಬಿಗೆ ಸುಮಾರು 45 ಕಿ.ಮೀ. ಇದ್ದರೂ ಎರಡು ಗಂಟೆ ಬೇಕೇಬೇಕು. ಸ್ಕುಕುಜಾದಿಂದ ಸತಾರಾಕ್ಕೆ 90 ಕಿ.ಮೀ.ಗೂ ತುಸು ಹೆಚ್ಚು, ಅರ್ಧ ದಿನದ ಕೆಲಸ. ಹೊತ್ತು ಮೀರಿತೆಂದು ಓಡಿಸುವವರೇ ಅಪಘಾತಕ್ಕೆ ಕಾರಣರಾಗುತ್ತಾರೆ. ಕಾರಿಗೆ ಸಿಕ್ಕಿ ಸಾಯುವುದು ಇಂಪಾಲ ಜಿಂಕೆ ಇರಬಹುದು, ಆಮೆ ಇರಬಹುದು.

ಮುಖ್ಯ ನಿಯಮಗಳು ಇಷ್ಟು:

* ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ.
* ಕಿಟಕಿಯಿಂದ, ಮೇಲಿನ ಕಿಂಡಿಯಿಂದ ಮೈ ಹೊರಚಾಚುವಂತಿಲ್ಲ.
* ರಸ್ತೆ ಬಿಟ್ಟು ಹುಲ್ಲಿಗೆ ಕಾರು ಇಳಿಸುವಂತಿಲ್ಲ.
* ಯಾವ ಪ್ರಾಣಿಗೂ ತಿನಿಸು ಹಾಕುವಂತಿಲ್ಲ.
* ಸಾಕುಪ್ರಾಣಿ, ಡ್ರೋನ್ ತರುವಂತಿಲ್ಲ.

ಒಬ್ಬರು ಚಾಲಕ, ಒಬ್ಬರು ಕಣ್ಣು

ಇಬ್ಬರೇ ಇರುವ ಕಾರಿನಲ್ಲಿ ಕೆಲಸ ಹಂಚಿಕೊಳ್ಳುವುದು ಮುಖ್ಯ. ಚಾಲಕರ ಕಣ್ಣು ರಸ್ತೆಯ ಮೇಲೆ, ಕನ್ನಡಿಯ ಮೇಲೆ. ಪಕ್ಕದವರ ಕಣ್ಣು ಪೊದೆಯ ಮೇಲೆ, ಮರದ ಕೊಂಬೆಯ ಮೇಲೆ. ನಕ್ಷೆ, ದುರ್ಬೀನು, ನೀರಿನ ಬಾಟಲಿ ಪಕ್ಕದವರ ಜವಾಬ್ದಾರಿ. ಚಿರತೆ ಕಂಡಾಗ ಚಾಲಕರೇ ಕ್ಯಾಮೆರಾ ಹಿಡಿದರೆ ಹಿಂದೆ ಬರುತ್ತಿರುವ ವಾಹನವನ್ನು ನೋಡುವವರು ಯಾರೂ ಇರುವುದಿಲ್ಲ.

ಈ ಹಂಚಿಕೆಯಲ್ಲಿ ಹಿರಿಯರಿಗೆ ಒಳ್ಳೆಯ ಪಾತ್ರವಿದೆ. ಹೊಲ ಕಾದು, ದನ ಮೇಯಿಸಿ ಅಭ್ಯಾಸವಿರುವ ಕಣ್ಣು ಹುಲ್ಲಿನ ಅಲುಗಾಟದಲ್ಲೇ ಪ್ರಾಣಿಯನ್ನು ಗುರುತಿಸುತ್ತದೆ. ಹಕ್ಕಿ ಕೂಗಿದ ದಿಕ್ಕು, ಜಿಂಕೆಗಳು ಒಂದೇ ಕಡೆ ನೆಟ್ಟ ನೋಟ, ಇವೆಲ್ಲ ಆಫ್ರಿಕದಲ್ಲೂ ಅದೇ ಅರ್ಥ ಕೊಡುತ್ತವೆ. ಇಂಪಾಲಗಳ ಹಿಂಡು ಮೇವು ಬಿಟ್ಟು ಒಂದು ಪೊದೆಯನ್ನೇ ದಿಟ್ಟಿಸುತ್ತಿದ್ದರೆ ಅಲ್ಲಿ ಕಾಯುವುದು ವ್ಯರ್ಥವಾಗುವುದು ಅಪರೂಪ.

ವಯಸ್ಸಾದವರ ಜೊತೆ ಹೋಗುವವರು ಶೌಚಾಲಯದ ಲೆಕ್ಕವನ್ನೂ ಮೊದಲೇ ಹಾಕಬೇಕು. ಶಿಬಿರ, ಗೇಟು ಮತ್ತು ಪಿಕ್ನಿಕ್ ತಾಣಗಳಲ್ಲಿ ಮಾತ್ರ ಇಳಿಯಲು ಸಾಧ್ಯ. ಸಕ್ಕರೆ ಕಾಯಿಲೆಯವರು ಊಟ, ಮಾತ್ರೆ ಜೊತೆಗಿಟ್ಟುಕೊಳ್ಳಬೇಕು. ಸಾಬಿ ನದಿ ದಂಡೆಯ ಎನ್‌ಕುಹ್ಲು, ಒಳನಾಡಿನ ಶೋಕ್ವಾನೆ ಮುಂತಾದ ತಾಣಗಳಲ್ಲಿ ಬುತ್ತಿ ಬಿಚ್ಚಬಹುದು. ಆದರೆ ಅಲ್ಲಿ ಕೋತಿಗಳ ಕಾಟ ನಮ್ಮ ಬೆಟ್ಟದ ದೇವಸ್ಥಾನಗಳಷ್ಟೇ ಇದೆ. ಪೆಟ್ರೋಲ್ ಮುಖ್ಯ ಶಿಬಿರಗಳಲ್ಲಿ ಸಿಗುತ್ತದೆ.

ಆನೆ ಎದುರಾದರೆ

ಕ್ರೂಗರ್‌ನಲ್ಲಿ ಎಲ್ಲರೂ ಸಿಂಹಕ್ಕೆ ಹೆದರಿ ಹೋಗುತ್ತಾರೆ. ಕಾರಿನಲ್ಲಿರುವವರು ನಿಜಕ್ಕೂ ಎಚ್ಚರ ವಹಿಸಬೇಕಾದದ್ದು ಆನೆಯ ವಿಷಯದಲ್ಲಿ. ಆಫ್ರಿಕದ ಆನೆ ನಮ್ಮದಕ್ಕಿಂತ ದೊಡ್ಡದು, ಕಿವಿ ಇನ್ನೂ ಅಗಲ. ಅಲ್ಲಿ ಹೆಣ್ಣಾನೆಗೂ ದಂತವಿರುತ್ತದೆ. ಆದ್ದರಿಂದ ದಂತ ನೋಡಿ ಸಲಗವೆಂದು ತೀರ್ಮಾನಿಸುವಂತಿಲ್ಲ.

ಕಿವಿ ಅಗಲಿಸುವುದು, ತಲೆ ಕೊಡವುವುದು, ಸೊಂಡಿಲು ಒಳಕ್ಕೆ ಮಡಚುವುದು ಎಚ್ಚರಿಕೆಯ ಲಕ್ಷಣ. ಕಣ್ಣು ಕಿವಿಗಳ ನಡುವಿನಿಂದ ಮದಜಲ ಒಸರುತ್ತಿದ್ದರೆ ಆ ಆನೆಯ ಹತ್ತಿರ ಹೋಗಲೇಬಾರದು. ದೂರದಲ್ಲೇ ನಿಂತು, ದಾರಿ ಅದಕ್ಕೆ ಬಿಟ್ಟು, ನಿಧಾನವಾಗಿ ಹಿಂದೆ ಸರಿಯಬೇಕು. ಹಾರ್ನ್ ಹೊಡೆಯುವುದು, ಎಂಜಿನ್ ಅಬ್ಬರಿಸುವುದು ತಪ್ಪು. ಮರಿ ಒಂದು ಬದಿ, ತಾಯಿ ಇನ್ನೊಂದು ಬದಿ ಇರುವಾಗ ನಡುವೆ ಕಾರು ತೂರಿಸುವುದು ಅದಕ್ಕಿಂತ ದೊಡ್ಡ ತಪ್ಪು. ನಿಲ್ಲಿಸುವಾಗಲೇ ಹಿಂದಕ್ಕೆ ಹೋಗಲು ದಾರಿ ಇದೆಯೇ ಎಂದು ನೋಡಿಕೊಳ್ಳಬೇಕು.

2013ರ ಡಿಸೆಂಬರ್ ಕೊನೆಯಲ್ಲಿ ನಡೆದ ಘಟನೆ ಇದಕ್ಕೆ ಉದಾಹರಣೆ. ಒಂದು ಜೋಡಿ ಸಣ್ಣ ಕಾರಿನಲ್ಲಿ ಮದವೇರಿದ ಗಂಡಾನೆಯ ಸಮೀಪಕ್ಕೆ ಹೋಯಿತು. ಆನೆ ತಿರುಗಿ ಬಂದು ಕಾರನ್ನು ಮಗುಚಿ ಹಾಕಿತು. ಕಾರಿನಲ್ಲಿದ್ದ ಮಹಿಳೆ ತೀವ್ರವಾಗಿ ಗಾಯಗೊಂಡರು. ಹಿಂದಿನ ಕಾರಿನವರು ತೆಗೆದ ಚಿತ್ರಗಳು ಲೋಕವನ್ನೆಲ್ಲ ಸುತ್ತಿದವು. ಇಬ್ಬರೂ ಬದುಕಿಕೊಂಡರು. ಆನೆಯನ್ನು ಉದ್ಯಾನದ ಸಿಬ್ಬಂದಿ ಗುಂಡಿಟ್ಟು ಕೊಲ್ಲಬೇಕಾಯಿತು.

ಯಾವ ಕಾಲ, ಯಾವ ದಾರಿ?

ಪ್ರಾಣಿ ನೋಡಲು ಮೇಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಮಳೆ ಇಲ್ಲದೆ ಹುಲ್ಲು ಒಣಗಿ, ಎಲೆ ಉದುರಿ, ಪ್ರಾಣಿಗಳು ನೀರಿರುವ ಕಡೆಗೇ ಬರುತ್ತವೆ. ಸೊಳ್ಳೆಯೂ ಕಡಿಮೆ. ಮುಂಜಾನೆ ಚಳಿ ಕೊರೆಯುತ್ತದೆ, ಸ್ವೆಟರ್ ಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆ, ಸೆಕೆ. ಕಾಡು ಹಸಿರಾಗಿ ಮರಿಗಳು, ವಲಸೆ ಹಕ್ಕಿಗಳು ಕಾಣುತ್ತವೆ. ಆದರೆ ಪೊದೆ ದಟ್ಟವಾಗಿ ಪ್ರಾಣಿ ಹುಡುಕುವುದು ಕಷ್ಟ. ಜೋರು ಮಳೆಯಾದರೆ ಜಲ್ಲಿ ರಸ್ತೆಗಳನ್ನು ಮುಚ್ಚುತ್ತಾರೆ.

ಮೊದಲ ಸಲ ಹೋಗುವವರಿಗೆ ಸಾಬಿ ನದಿಯ ಗುಂಟ ಸಾಗುವ ಸ್ಕುಕುಜಾ ಲೋಯರ್ ಸಾಬಿ ಡಾಂಬರು ರಸ್ತೆ ಸೂಕ್ತ. ಆನೆ, ಕಾಡೆಮ್ಮೆ, ಕೆಲವೊಮ್ಮೆ ಚಿರತೆ ಇಲ್ಲಿ ಕಾಣುತ್ತವೆ. ಲೋಯರ್ ಸಾಬಿ ಬಳಿಯ ಸನ್‌ಸೆಟ್ ಡ್ಯಾಮಿನಲ್ಲಿ ಕಾರಿನಲ್ಲೇ ಕುಳಿತು ನೀರ್ಗುದುರೆ, ಮೊಸಳೆ ನೋಡಬಹುದು. ಸಿಂಹಕ್ಕೆ ಸತಾರಾ ಸುತ್ತಲಿನ ಹುಲ್ಲುಗಾವಲು ಹೆಸರುವಾಸಿ. ಸಾಧಾರಣ ಕಾರೇ ಸಾಕು, ಫೋರ್ ವೀಲ್ ಡ್ರೈವ್ ಬೇಕಿಲ್ಲ. ಖಡ್ಗಮೃಗ ಮಾತ್ರ ಕಳ್ಳಬೇಟೆಯಿಂದ ಬಹಳ ಕಡಿಮೆಯಾಗಿದೆ. ಕಂಡರೂ ಎಲ್ಲಿ ಕಂಡಿತು ಎಂಬುದನ್ನು ಫೋನಿನಲ್ಲಿ ಹಂಚದಿರುವುದೇ ಒಳ್ಳೆಯದು.

ನಮ್ಮ ಕಾಡುರಸ್ತೆಗಳಲ್ಲಿ

ಕ್ರೂಗರ್‌ಗೆ ಹೋಗುವುದು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಅಲ್ಲಿನ ಕಾರಿನೊಳಗಿನ ಶಿಸ್ತು ಇಲ್ಲಿಗೂ ಬೇಕು. ಬಂಡೀಪುರದ ಮೂಲಕ ಕೇರಳ, ತಮಿಳುನಾಡಿಗೆ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. 27 ತಿರುವುಗಳ ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಲ್ಲಿ ರಾತ್ರಿ ನಿರ್ಬಂಧ ಜಾರಿಗೆ ಬಂತು. ಆಸ್ಪತ್ರೆಗೆ, ಮಾರುಕಟ್ಟೆಗೆ ಓಡಾಡುವ ಗಡಿ ಊರುಗಳಿಗೆ ಇದರಿಂದ ತೊಂದರೆಯಾಗಿರುವುದು ನಿಜ. ರಾತ್ರಿ ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದೂ ಅಷ್ಟೇ ನಿಜ.

2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಫೋಟೊ ತೆಗೆಯಲು ಹೋದ ವ್ಯಕ್ತಿಯೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿತು. ಅದೃಷ್ಟಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ 25 ಸಾವಿರ ರೂ. ದಂಡ ಹಾಕಿತು. ಹಾಸನೂರು ಬಳಿಯ ಕಾರಪಾಳ್ಯ ಚೆಕ್‌ಪೋಸ್ಟಿನಲ್ಲಿ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳನ್ನು ತಾಳವಾಡಿ ಕಡೆಯವರು ಬಲ್ಲರು. ಲಾರಿಯಿಂದ ಎಸೆದ ಜಲ್ಲೆಗಳೇ ಅವಕ್ಕೆ ಆ ಅಭ್ಯಾಸ ಹಚ್ಚಿದ್ದು. ರಸ್ತೆಗೆ ಬರಲು ಕಲಿತ ಆನೆ ಒಂದು ದಿನ ಯಾರನ್ನಾದರೂ ತುಳಿದರೆ, ಆಮೇಲೆ ಅದಕ್ಕೆ ಪುಂಡಾನೆ ಎಂಬ ಹೆಸರು ಬರುತ್ತದೆ.

ಆದ್ದರಿಂದ ಕಾಡುರಸ್ತೆಯಲ್ಲಿ ಮನೆಯವರೊಂದಿಗೆ ಹೋಗುವಾಗ ಒಬ್ಬರು ಓಡಿಸಲಿ, ಒಬ್ಬರು ನೋಡಲಿ. ಕಾರು ನಿಲ್ಲಿಸಬೇಡಿ, ಇಳಿಯಬೇಡಿ, ಬಿಸ್ಕತ್ತು ಎಸೆಯಬೇಡಿ. ‘ಸ್ವಲ್ಪ ಹತ್ತಿರ ಹೋಗೋಣ’ ಎಂದು ಒಬ್ಬರು ಹೇಳಿದಾಗ ‘ಬೇಡ, ಇಲ್ಲಿಂದಲೇ ನೋಡೋಣ’ ಎನ್ನುವವರೊಬ್ಬರು ಪಕ್ಕದಲ್ಲಿದ್ದರೆ ಕಾರಿನಲ್ಲಿರುವವರೂ ಕಾಡಿನಲ್ಲಿರುವುದೂ ಕ್ಷೇಮವಾಗಿ ಮನೆ ಸೇರಬಹುದು.